ನಡೆಯದ ನಾಣ್ಯ ಮಾತು ಕಲಿಸಿತು

ನಮ್ಮ ಕ್ಲಾಸಿನ ಮುಕ್ಕಾಲು ಪಾಲು ಜನರ ರೆಸ್ಯೂಮೆಯಲ್ಲಿ ಹವ್ಯಾಸದ ಜಾಗದಲ್ಲಿರುವುದು ಒಂದೇ ಸಾಲು: ಹಾಡು ಕೇಳುವುದು, ಕ್ರಿಕೆಟ್ ಆಡುವುದು, ಪುಸ್ತಕ ಓದುವುದು. ಸೀನಿಯರ್ ಒಬ್ಬರು ಕೊಟ್ಟ ಫೈಲಿನಲ್ಲಿ ಹೆಸರು, ಊರು ಬದಲಿಸಿಕೊಂಡು ಉಳಿದದ್ದನ್ನು ಹಾಗೇ ಬಿಟ್ಟಿದ್ದೆವು. ನನ್ನದರಲ್ಲೂ ‘ಪುಸ್ತಕ ಓದುವುದು’ ಎಂದೇ ಇತ್ತು. ನಿಜ ಹೇಳಬೇಕೆಂದರೆ ಪಠ್ಯ ಬಿಟ್ಟು ನಾನು ಪೂರ್ತಿ ಓದಿದ ಪುಸ್ತಕಗಳು ಎರಡೋ ಮೂರೋ. ನನಗಿರುವ ನಿಜವಾದ ಹವ್ಯಾಸ ಹಳೇ ನಾಣ್ಯ ಕೂಡಿಡುವುದು. ಅದನ್ನು ಬರೆಯಲು ನಾಚಿಕೆಯಾಗಿತ್ತು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಕಮ್ಯುನಿಕೇಷನ್ ಸ್ಕಿಲ್ಸ್ ತರಗತಿಯಲ್ಲಿ ಮೊದಲ ಸಲ ಭಾಷಣಕ್ಕೆ ನಿಂತಾಗ ಕೃತಕ ಬುದ್ಧಿಮತ್ತೆಯ ಬಗ್ಗೆ ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಒಂದೂವರೆ ಪುಟವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೂರನೇ ವಾಕ್ಯಕ್ಕೆ ಒಂದು ಪದ ಮರೆಯಿತು. ಆ ಪದದ ಹಿಂದೆ ಉಳಿದ ಒಂದೂವರೆ ಪುಟವೂ ಹೋಯಿತು. ಅರ್ಧ ನಿಮಿಷ ಫ್ಯಾನ್ ನೋಡುತ್ತಾ ನಿಂತು, ‘ಥ್ಯಾಂಕ್ಯೂ’ ಎಂದು ಬಂದು ಕೂತೆ. ಹಿಂದಿನ ಬೆಂಚಿನಿಂದ ಚಪ್ಪಾಳೆ ಬಿತ್ತು. ಅದು ಯಾವ ತರಹದ ಚಪ್ಪಾಳೆ ಎಂದು ನಿಮಗೆ ಗೊತ್ತಿರುತ್ತದೆ. ಆಮೇಲೆ ನನ್ನ ರೋಲ್ ನಂಬರ್ ಹತ್ತಿರ ಬಂದ ದಿನಗಳಲ್ಲಿ ನನಗೆ ತಪ್ಪದೇ ಜ್ವರ ಬರುತ್ತಿತ್ತು.

ಈ ಸೆಮಿಸ್ಟರ್‌ನಲ್ಲಿ ಬಂದ ಹೊಸ ಮೇಡಂ ಒಂದು ಷರತ್ತು ಹಾಕಿದರು. ‘ಮೂರು ನಿಮಿಷ ಮಾತಾಡಿ. ವಿಷಯ ನಿಮ್ಮ ಮನೆಯಲ್ಲಿರಬೇಕು, ಗೂಗಲ್‌ನಲ್ಲಿರಬಾರದು. ಇಂಗ್ಲಿಷ್ ಪದ ಸಿಗದಿದ್ದರೆ ಕನ್ನಡದಲ್ಲೇ ಹೇಳಿ, ನಿಲ್ಲಬೇಡಿ.’ ನಾನು ಊರಿಗೆ ಹೋಗಿ ನನ್ನ ಬಿಸ್ಕತ್ ಡಬ್ಬಿ ತಂದೆ.

ಆ ಡಬ್ಬಿಯ ಮೊದಲ ನಾಣ್ಯ ಅಜ್ಜಿಯದು. ನನಗಾಗ ಆರು ವರ್ಷ. ಅಜ್ಜಿ ಎಲೆಅಡಿಕೆ ಸಂಚಿಯಿಂದ ನಾಲ್ಕು ನಾಲ್ಕಾಣೆ ತೆಗೆದು ಅಂಗಡಿಗೆ ಕಳಿಸಿದ್ದರು. ಅಂಗಡಿಯವರು ‘ಇದು ನಡೆಯಲ್ಲ ಮಗಾ’ ಎಂದು ವಾಪಸ್ ಕೊಟ್ಟರು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ ನಿಂತಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ತಿಳಿದದ್ದು ಒಂದೇ, ಘೇಂಡಾಮೃಗದ ಚಿತ್ರವಿರುವ ಈ ನಾಣ್ಯಕ್ಕೆ ಇನ್ನು ಪೆಪ್ಪರಮಿಂಟ್ ಬರುವುದಿಲ್ಲ. ಅಜ್ಜಿ ‘ನೀನೇ ಆಡ್ಕೋ’ ಎಂದರು. ಸಂಗ್ರಹ ಶುರುವಾಯಿತು.

ಭಾಷಣದ ದಿನ ಮೊದಲ ವಾಕ್ಯ ಮಾತ್ರ ಬಾಯಿಪಾಠ ಮಾಡಿದ್ದೆ. ಉಳಿದದ್ದಕ್ಕೆ ಚೀಟಿ ಬೇಕಾಗಲಿಲ್ಲ. ಡಬ್ಬಿಯಿಂದ ಒಂದೊಂದೇ ನಾಣ್ಯ ತೆಗೆದೆ, ಪ್ರತಿಯೊಂದೂ ಮುಂದಿನ ಮಾತನ್ನು ನೆನಪಿಸಿತು. 25 ಪೈಸೆಗೆ ನಾಲ್ಕಾಣೆ ಎಂದು ಯಾಕೆ ಕರೆಯುತ್ತೇವೆ ಎಂದು ಕೇಳಿದೆ. ಯಾರೂ ಹೇಳಲಿಲ್ಲ. ಮೊದಲು ಒಂದು ರೂಪಾಯಿಗೆ 16 ಆಣೆ ಇತ್ತು, 1957ರ ಏಪ್ರಿಲ್ 1ರಿಂದ ನೂರು ಪೈಸೆಯ ಲೆಕ್ಕ ಬಂತು, ಹದಿನಾರರಲ್ಲಿ ನಾಲ್ಕೆಂದರೆ ನೂರರಲ್ಲಿ ಇಪ್ಪತ್ತೈದು ಎಂದು ಬೋರ್ಡಿನ ಮೇಲೆ ಬರೆದೆ. ಆಣೆ ಹೋದರೂ ನಮ್ಮ ಬಾಯಲ್ಲಿ ಎಂಟಾಣೆ ಉಳಿದಿದೆ ಎಂದಾಗ ಮೇಡಂ ತಲೆಯಾಡಿಸಿದರು.

ಆಮೇಲೆ ಅಯಸ್ಕಾಂತ ತೆಗೆದೆ. 1980ರ ದಶಕದ ಒಂದು ರೂಪಾಯಿ ನಾಣ್ಯ ಅದಕ್ಕೆ ಅಂಟಲಿಲ್ಲ, ಅದು ತಾಮ್ರ ಮತ್ತು ನಿಕ್ಕಲ್ಲಿನ ಮಿಶ್ರಲೋಹ. 1990ರ ದಶಕದ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯ ಟಕ್ಕನೆ ಅಂಟಿತು. ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ನಿದ್ದೆ ಬರಿಸಿದ ಅಧ್ಯಾಯ ಅಂಗೈಯಲ್ಲಿ ಕೂತಿತ್ತು.

ಕೊನೆಗೆ ಎಲ್ಲರಿಗೂ ಜೇಬು ಹುಡುಕಿಕೊಳ್ಳಲು ಹೇಳಿದೆ. ಎಲ್ಲರೂ ಮೊಬೈಲ್‌ನಲ್ಲಿ ದುಡ್ಡು ಕೊಡುವ ಗಿರಾಕಿಗಳು. ಅರವತ್ತು ಜನರಲ್ಲಿ ನಾಣ್ಯವಿದ್ದದ್ದು ಹನ್ನೊಂದು ಜನರ ಬಳಿ. ಇಸವಿಯ ಕೆಳಗೆ ನೋಡಿ ಎಂದೆ: ನಕ್ಷತ್ರವಿದ್ದರೆ ಹೈದರಾಬಾದ್ ಟಂಕಸಾಲೆಯದು, ವಜ್ರದ ಆಕಾರವಿದ್ದರೆ ಮುಂಬೈ, ಚುಕ್ಕಿಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಹನ್ನೊಂದು ನಾಣ್ಯಗಳ ಮೇಲೆ ಅರವತ್ತು ತಲೆಗಳು ಬಗ್ಗಿದವು. ‘ನಮ್ಮ ಮೈಸೂರಿನದು ಯಾವುದೋ?’ ಎಂದು ಒಬ್ಬ ಕೇಳಿದ. ಮೈಸೂರಿನಲ್ಲಿ ಅಚ್ಚಾಗುವುದು ನೋಟು, ನಾಣ್ಯವಲ್ಲ ಎಂದೆ. ಇನ್ನೊಬ್ಬ, ‘ಹಳೇ ನಾಣ್ಯಕ್ಕೆ ಆನ್‌ಲೈನಲ್ಲಿ ಲಕ್ಷಗಟ್ಟಲೆ ಕೊಡ್ತಾರಂತೆ, ನಿನ್ನದಕ್ಕೆ ಎಷ್ಟು?’ ಎಂದ. ಇಂಥ ಆಮಿಷಕ್ಕೆ ಬಿದ್ದು ಶುಲ್ಕ, ಕಮಿಷನ್ ಎಂದು ದುಡ್ಡು ಕಟ್ಟಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ ಎಂದು ಹೇಳಿದೆ. ಗಡಿಯಾರ ನೋಡಿದರೆ ಒಂಬತ್ತು ನಿಮಿಷವಾಗಿತ್ತು.

ನನ್ನ ಇಂಗ್ಲಿಷ್ ಅವತ್ತೇನೂ ಸುಧಾರಿಸಿರಲಿಲ್ಲ. ಎರಡು ಕಡೆ ಕಾಲ ತಪ್ಪಿತು, ‘ಅಲಾಯ್’ ಪದ ಬಾಯಿಗೆ ಬಾರದೆ ‘ಮಿಶ್ರಲೋಹ’ ಎಂದೇ ಹೇಳಿ ಮುಂದೆ ಹೋದೆ. ಹತ್ತಕ್ಕೆ ಏಳು ಅಂಕ ಬಂತು. ಆದರೆ ನಾನು ನಿಲ್ಲಲಿಲ್ಲ. ಇಷ್ಟು ದಿನ ನನ್ನ ಗಂಟಲು ಕಟ್ಟಿದ್ದು ಇಂಗ್ಲಿಷ್ ಎಂದುಕೊಂಡಿದ್ದೆ. ಅದು ಅರ್ಧ ಸತ್ಯ. ನನ್ನದಲ್ಲದ ಮಾತನ್ನು ಆಡಲು ಹೋದದ್ದೇ ಇನ್ನರ್ಧ. ಬಾಯಿಪಾಠದಲ್ಲಿ ಒಂದು ಪದ ಹೋದರೆ ಎಲ್ಲವೂ ಹೋಗುತ್ತದೆ. ಗೊತ್ತಿರುವ ವಿಷಯದಲ್ಲಿ ಒಂದು ಪದ ಹೋದರೆ ಇನ್ನೊಂದು ಸಿಗುತ್ತದೆ.

ಹೀಗಾಗಿ ಕಾಲೇಜುಗಳಿಗೆ ನನ್ನದೊಂದು ಮನವಿ. ಮೊದಲ ಭಾಷಣಕ್ಕೇ ಜಾಗತೀಕರಣ, ಕೃತಕ ಬುದ್ಧಿಮತ್ತೆ ಕೊಡಬೇಡಿ. ವಿದ್ಯಾರ್ಥಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಇದ್ದೇ ಇರುತ್ತದೆ, ಅಲ್ಲಿಂದ ಶುರು ಮಾಡಿಸಿ. ಮುಂದಿನ ವಾರ ನಮ್ಮಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಅಮ್ಮನ ರೇಷ್ಮೆ ಹುಳು ಸಾಕಣೆಯ ಬಗ್ಗೆ ಮಾತಾಡಿದಳು. ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದಂತೆ ಸದ್ದಾಗುತ್ತದೆ ಎಂದಾಗ ಇಡೀ ಕ್ಲಾಸು ಕಿವಿಗೊಟ್ಟಿತ್ತು. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲಸ ಬೇಕೆಂದರೆ ಅದು ಬೇಕು, ನಾನೂ ಕಲಿಯುತ್ತಿದ್ದೇನೆ. ಆದರೆ ಈಜು ಕಲಿಸುವವರು ಮೊದಲ ದಿನವೇ ಸಮುದ್ರಕ್ಕೆ ತಳ್ಳುವುದಿಲ್ಲ.

‘ನಾಣ್ಯದ ಕಥೆ ಹೇಳಿದ್ರೆ ಕಂಪನಿಯವರು ಆಫರ್ ಲೆಟರ್ ಕೊಡ್ತಾರೇನೋ?’ ಎಂದು ರೂಮಿನ ಗೆಳೆಯ ಕೇಳಿದ. ಕೊಡುವುದಿಲ್ಲ. ಆದರೆ ಅಣಕು ಸಂದರ್ಶನದಲ್ಲಿ ‘ಇತ್ತೀಚೆಗೆ ಯಾವ ಪುಸ್ತಕ ಓದಿದಿರಿ?’ ಎಂದು ಕೇಳಿದಾಗ ಅವನೇ ಬೆವರಿದ್ದ. ನಕಲು ಮಾಡಿದ ಸಾಲು ಎರಡನೇ ಪ್ರಶ್ನೆಗೆ ಕೈಕೊಡುತ್ತದೆ. ಗೆಳೆಯರೇ, ನೀವು ಬೆಂಕಿಪೊಟ್ಟಣ ಕೂಡಿಡುತ್ತೀರೋ, ಬಸ್ ಟಿಕೆಟ್ ಕೂಡಿಡುತ್ತೀರೋ, ಅದನ್ನೇ ಬರೆಯಿರಿ. ಮೂರು ನಿಮಿಷ ಅದರ ಬಗ್ಗೆ ಗೋಡೆಯೆದುರು ನಿಂತು ಮಾತಾಡಿ ನೋಡಿ.

ನಾನು ರೆಸ್ಯೂಮೆ ತಿದ್ದಿದ್ದೇನೆ. ಆ ರಾತ್ರಿ ಅಜ್ಜಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ‘ಅಯ್ಯೋ, ಆ ನಡೀದಿರೋ ದುಡ್ಡು ಇನ್ನೂ ಇಟ್ಕೊಂಡಿದೀಯಾ?’ ಎಂದು ನಕ್ಕರು. ಆಮೇಲೆ, ಸಂಚಿಯಲ್ಲಿ ಇನ್ನೂ ಒಂದೆರಡು ಇರಬಹುದು, ಹಬ್ಬಕ್ಕೆ ಬಂದಾಗ ಹುಡುಕಿ ಕೊಡುತ್ತೇನೆ ಎಂದರು.