ಕಂಪನಿ ಕಾರ್ಡಿನ ವೆಚ್ಚ: ಅನುಮೋದನೆಯ ಸ್ಥಿತಿ ನೌಕರನಿಗೂ ತಿಳಿದಿರಲಿ

ಲೆಕ್ಕಪತ್ರಗಳ ಶಿಸ್ತಿನ ವಿಷಯ ಬಂದಾಗ ನಾವು ವ್ಯಾಪಾರಸ್ಥರು ಸಾಮಾನ್ಯವಾಗಿ ಮಾಲೀಕನ ದೃಷ್ಟಿಯಿಂದಲೇ ವಿಚಾರ ಮಾಡುತ್ತೇವೆ. ಕಂಪನಿಯ ಕಾರ್ಡಿನಿಂದ ನೌಕರನು ಎಷ್ಟು ವ್ಯಯಿಸಿದನು, ಏತಕ್ಕಾಗಿ ವ್ಯಯಿಸಿದನು, ರಸೀದಿ ಎಲ್ಲಿ ಎಂಬ ಪ್ರಶ್ನೆಗಳು ನ್ಯಾಯವಾದವೇ. ಆದರೆ ರಸೀದಿಯನ್ನು ಒಪ್ಪಿಸಿದ ನೌಕರನಿಗೂ ಒಂದು ಪ್ರಶ್ನೆಯಿರುತ್ತದೆ: ತನ್ನ ಲೆಕ್ಕ ಈಗ ಯಾರ ಬಳಿ ಇದೆ? ಇದಕ್ಕೆ ಅನೇಕ ಸಣ್ಣ ಸಂಸ್ಥೆಗಳಲ್ಲಿ ಸ್ಪಷ್ಟ ಉತ್ತರ ದೊರೆಯುವುದಿಲ್ಲ.

ಕಾರ್ಡಿನ ಬಳಕೆ ಈಗ ದೊಡ್ಡ ಕಂಪನಿಗಳಿಗೆ ಸೀಮಿತವಾಗಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ ನಗದಾಗಿ ಪಾವತಿಸಿದ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಮನ್ನಣೆ ನೀಡುವ ಸಾಮಾನ್ಯ ಮಿತಿಯನ್ನು 2017ರಲ್ಲಿ 20,000 ರೂಪಾಯಿಗಳಿಂದ 10,000 ರೂಪಾಯಿಗಳಿಗೆ ಇಳಿಸಲಾಯಿತು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಬಂದ ಮೇಲೆ ಸಣ್ಣಪುಟ್ಟ ಖರೀದಿಗಳಿಗೂ ಕಾರ್ಡು ಒದಗುತ್ತಿದೆ. ಪಾವತಿಯ ವೇಗ ಹೆಚ್ಚಿತು. ಅನುಮೋದನೆಯ ಪದ್ಧತಿ ಮಾತ್ರ ಹಳೆಯ ವೋಚರ್ ಕಾಲದಲ್ಲಿಯೇ ನಿಂತಿದೆ.

ಪೀಣ್ಯದ ಯಂತ್ರೋಪಕರಣ ಘಟಕವೊಂದರ ತಂತ್ರಜ್ಞನು ದುರಸ್ತಿಗಾಗಿ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಕಂಪನಿಯ ಕಾರ್ಡಿನಿಂದ ಬೇರಿಂಗುಗಳನ್ನು ಕೊಂಡನೆಂದು ಭಾವಿಸೋಣ. ಮರಳಿದ ದಿನವೇ ಆತನು ಬಿಲ್ಲನ್ನು ಒಪ್ಪಿಸುತ್ತಾನೆ. ಮೇಲ್ವಿಚಾರಕರು ಅದನ್ನು ಬದಿಗಿಡುತ್ತಾರೆ. ಆರು ವಾರಗಳ ನಂತರ ಲೆಕ್ಕಿಗರು, ಬಿಲ್ಲಿನಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಆಕ್ಷೇಪಿಸುತ್ತಾರೆ. ಮರುದಿನವೇ ತಿಳಿಸಿದ್ದರೆ ಒಂದು ದೂರವಾಣಿ ಕರೆಯಿಂದ ಸರಿಪಡಿಸಬಹುದಾಗಿದ್ದ ಕೊರತೆ, ಈಗ ನೌಕರನ ಮೇಲಿನ ಸಂದೇಹವಾಗಿ ಬೆಳೆದಿರುತ್ತದೆ.

ನಷ್ಟ ನೌಕರನೊಬ್ಬನದೇ ಅಲ್ಲ. ನಮ್ಮ ಸಂಖ್ಯೆಯಿಲ್ಲದ ಬಿಲ್ಲು ಪ್ರತಿ ತಿಂಗಳ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾಣಿಸದಿದ್ದರೆ ಹೂಡುವಳಿ ತೆರಿಗೆಯ ಜಮೆಯೂ ಇಲ್ಲ. ಕಾರ್ಡು ಯಂತ್ರದ ಚೀಟಿ ಪಾವತಿಗೆ ಸಾಕ್ಷಿಯೇ ಹೊರತು ತೆರಿಗೆ ಬಿಲ್ಲಾಗದು. ಅದರ ಅಕ್ಷರಗಳು ಕೆಲವೇ ತಿಂಗಳುಗಳಲ್ಲಿ ಮಾಸುವುದೂ ಉಂಟು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದು ಕಳೆದರೆ ಆ ಜಮೆಯ ಹಕ್ಕೇ ಹೋಗುತ್ತದೆ. ಬ್ಯಾಂಕಂತೂ ನಮ್ಮ ಸಹಿಗಾಗಿ ಕಾಯುವುದಿಲ್ಲ. ಗಡುವಿನೊಳಗೆ ಪೂರ್ಣ ಮೊತ್ತ ಸಂದಾಯವಾಗದಿದ್ದರೆ ಸಾಮಾನ್ಯವಾಗಿ ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ.

"ನಮ್ಮದು ಹತ್ತು ಜನರ ಘಟಕ, ಎಲ್ಲವನ್ನೂ ನಾನೇ ನೋಡುತ್ತೇನೆ, ದುಬಾರಿ ಸಾಫ್ಟ್‌ವೇರ್ ಏಕೆ?" ಎಂದು ಕೆಲವರು ಕೇಳಬಹುದು. ಸಾಫ್ಟ್‌ವೇರ್ ಅನಿವಾರ್ಯವಲ್ಲ. ಎಲ್ಲರೂ ನೋಡಬಹುದಾದ ಒಂದು ವಹಿ ಅಥವಾ ಗಣಕಯಂತ್ರದ ಸಾಮಾನ್ಯ ಪಟ್ಟಿಯೇ ಸಾಕು. ಅದರಲ್ಲಿ ಪ್ರತಿಯೊಂದು ವೆಚ್ಚಕ್ಕೂ ಸಲ್ಲಿಕೆ, ಪರಿಶೀಲನೆ, ಹಿಂತಿರುಗಿಸುವಿಕೆ, ಅನುಮೋದನೆ, ಲೆಕ್ಕಕ್ಕೆ ಸೇರ್ಪಡೆ ಎಂಬ ಹಂತಗಳೂ ದಿನಾಂಕಗಳೂ ಇರಲಿ. ಹಿಂತಿರುಗಿಸುವಾಗ ಕಾರಣವನ್ನು ಬರೆಯುವುದು ಕಡ್ಡಾಯವಾಗಲಿ. ಎಲ್ಲವನ್ನೂ ತಾನೇ ನೋಡುವ ಮಾಲೀಕನು ಊರಿನಲ್ಲಿಲ್ಲದಾಗ ಸಹಿ ಮಾಡುವವರು ಯಾರು, ಎಷ್ಟು ಮೊತ್ತದವರೆಗೆ ಎಂಬುದು ಮೊದಲೇ ನಿಶ್ಚಯವಾಗಿರಲಿ. ಏಳು ದಿನಗಳಲ್ಲಿ ಒಪ್ಪಿಗೆಯೋ ಆಕ್ಷೇಪಣೆಯೋ ಬರಲೇಬೇಕೆಂಬ ನಿಯಮವಿರಲಿ.

ನೌಕರನಿಗೂ ಕರ್ತವ್ಯವುಂಟು. ಖರೀದಿಯ ವೇಳೆಯೇ ಜಿಎಸ್‌ಟಿ ಸಂಖ್ಯೆಯನ್ನು ಹೇಳಿ ಬಿಲ್ಲು ಬರೆಯಿಸುವುದು, ಅಂದೇ ಅದರ ಛಾಯಾಚಿತ್ರ ತೆಗೆದಿಡುವುದು, ಸಲ್ಲಿಸಿದ ದಿನಾಂಕವನ್ನು ದಾಖಲಿಸುವುದು, ಅವಧಿ ಮೀರಿದರೆ ಲಿಖಿತವಾಗಿ ವಿಚಾರಿಸುವುದು ಅವನ ಹೊಣೆ. ಹಾಗೆ ವಿಚಾರಿಸುವುದನ್ನು ಉದ್ಧಟತನವೆಂದು ಮೇಲಿನವರು ಎಣಿಸಬಾರದು.

ಕಾರ್ಡನ್ನು ನೌಕರನ ಕೈಗಿತ್ತಾಗಲೇ ನಾವು ಅವನಲ್ಲಿ ವಿಶ್ವಾಸವಿರಿಸಿದ್ದೇವೆ. ತಿಂಗಳುಗಟ್ಟಲೆ ಮೌನವಾಗಿದ್ದು ಬಳಿಕ ಲೆಕ್ಕ ಕೇಳುವುದು ಆ ವಿಶ್ವಾಸಕ್ಕೂ ವ್ಯವಹಾರಕ್ಕೂ ಹಾನಿಕರ. ಆದುದರಿಂದ ಸದಸ್ಯ ಬಾಂಧವರು ಕಾರ್ಡಿನ ಮುಂದಿನ ತಿಂಗಳ ಲೆಕ್ಕಪಟ್ಟಿ ಬರುವುದಕ್ಕೆ ಮುನ್ನವೇ ತಮ್ಮ ಮೇಜಿನಲ್ಲಿ ಉಳಿದಿರುವ ಬಿಲ್ಲುಗಳನ್ನು ಇತ್ಯರ್ಥಗೊಳಿಸಿ, ಇಂತಹ ಒಂದು ವಹಿಯನ್ನು ಆರಂಭಿಸುವುದು ಉಚಿತ.