ನದಿಯ ದಿಕ್ಕು ಬದಲಿಸಲು ಅಪ್ಪಣೆ ಯಾರದು?

ಮೊನ್ನೆ ಸಂಜೆ ಕೆದಂಬಾಡಿಯ ಒಂದು ಮನೆಯ ಜಗಲಿಯಲ್ಲಿ ಸೇರಿದ್ದೆವು. ಸಭೆ ಕರೆದದ್ದು ಬೇರೆ ವಿಷಯಕ್ಕೆ. ಮಾತು ಹೊರಳಿದ್ದು ನೀರಿನ ಕಡೆಗೆ. ಶಾಲೆಗೆ ಹೋಗುವ ಹುಡುಗನೊಬ್ಬ ಗೋಡೆಯ ಭೂಪಟವನ್ನು ತೋರಿಸಿ, "ನದಿಗಳೆಲ್ಲ ಬಡಗಿನಿಂದ ತೆಂಕಿಗೆ ಇಳಿಯುವುದಲ್ಲವಾ ಮಾಷ್ಟ್ರೇ?" ಎಂದು ಕೇಳಿದ. ಅವನ ಅಜ್ಜ ನಕ್ಕುಬಿಟ್ಟರು. "ಪಟದಲ್ಲಿ ಬಡಗು ಮೇಲೆ ಉಂಟು ಅಂತ ನೀರಿಗೆ ಗೊತ್ತುಂಟಾ ಮಗಾ? ತೋಟದ ಕಣಿ ನೋಡು. ಎಲ್ಲಿ ತಗ್ಗೋ ಅಲ್ಲಿಗೆ ಹೋಗ್ತದೆ."

ಅಜ್ಜ ಹೇಳಿದ್ದೇ ಭೂಗೋಳ. ನೈಲ್ ನದಿ ಬಡಗಿಗೆ ಹರಿಯುತ್ತದೆ. ಕಾಶಿಯಲ್ಲಿ ಗಂಗೆಯೂ ಉತ್ತರವಾಹಿನಿ. ನದಿಗೆ ದಿಕ್ಕು ತಿಳಿಯದು, ಇಳಿಜಾರು ಮಾತ್ರ ತಿಳಿಯುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡಿತೆಂದೂ, ಆಮೇಲೆ ನೆಲದ ಪಡುವಣ ಅಂಚು ಎತ್ತರವಾಗಿ ಉಳಿದ ಭಾಗ ಮೂಡಣಕ್ಕೆ ಓರೆಯಾಯಿತೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ಆದುದರಿಂದಲೇ ಪಡುವಣ ಕಡಲಿನ ಹತ್ತಿರವೇ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ, ಆ ಕಡಲನ್ನು ಬೆನ್ನಿಗೆ ಹಾಕಿ, ಸುಮಾರು 800 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ.

ಸಕಲೇಶಪುರ ತಾಲೂಕನ್ನು ನೋಡಿರಿ. ಅಲ್ಲಿ ಬೀಳುವ ಮಳೆ ಒಂದೇ. ಏಣಿನ ಆಚೆ ಬಿದ್ದ ಹನಿ ಹೇಮಾವತಿಯಾಗಿ ಕಾವೇರಿಗೆ ಹೋಗುತ್ತದೆ. ಈಚೆ ಬಿದ್ದ ಹನಿ ಎತ್ತಿನಹೊಳೆಯಾಗಿ ಗುಂಡ್ಯಕ್ಕೆ ಇಳಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಮಂಗಳೂರಿನ ಕಡಲಿಗೆ ಬರುತ್ತದೆ. ಈ ವಿಭಾಗ ಪತ್ರವನ್ನು ಬೆಟ್ಟ ಬರೆದದ್ದು. ಯಾವ ಸರಕಾರವೂ ಬರೆದದ್ದಲ್ಲ.

ಆ ಪತ್ರವನ್ನು ತಿದ್ದಲು ಈಗ ಹೊಸ ಕರಣಿಕರು ಹೊರಟಿದ್ದಾರೆ. ಅದಕ್ಕೆ ಎತ್ತಿನಹೊಳೆ ಯೋಜನೆಯೆಂದು ಹೆಸರು. ಹೊಳೆಗಳಿಗೆ ಎಂಟು ಕಡೆ ಒಡ್ಡು ಹಾಕಿ, ಪಂಪಿನಿಂದ ನೀರನ್ನು ಬೆಟ್ಟಕ್ಕೆ ಹತ್ತಿಸಿ, ಮೂಡಣದ ಏಳು ಜಿಲ್ಲೆಗಳಿಗೆ ಹರಿಸುವ ಕೆಲಸ. 2012ರಲ್ಲಿ ಇದರ ಅಂದಾಜು ಸುಮಾರು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ನೀರು ಹತ್ತುವ ಮೊದಲೇ ಲೆಕ್ಕ ಬೆಟ್ಟ ಹತ್ತಿತು! ಮೊದಲ ಹಂತದ ಉದ್ಘಾಟನೆ ಆದದ್ದು 2024ರ ಸೆಪ್ಟೆಂಬರ್ 6ರಂದು.

ಹಾಗಾದರೆ ಕೋಲಾರದ ರೈತ ನಮ್ಮ ವೈರಿಯೇ? ಎಂದಿಗೂ ಅಲ್ಲ. ಸಾವಿರ ಅಡಿ ಕೊರೆದ ಕೊಳವೆ ಬಾವಿಯಿಂದ ಫ್ಲೋರೈಡ್ ಕುಡಿದು ಮೂಳೆ ಸವೆಸಿಕೊಂಡವನು ನಮ್ಮವನೇ. ಅವನ ಬಾಯಾರಿಕೆಯನ್ನು ಅಲ್ಲಗಳೆಯುವವನೊಡನೆ ನಮಗೆ ಕೆಲಸವಿಲ್ಲ. ನಮ್ಮ ಜಗಳ ಅವನ ಬಾಯಾರಿಕೆಯ ಹೆಸರಿನಲ್ಲಿ ಗುತ್ತಿಗೆ ಹಂಚುವವರ ಮೇಲೆ.

ಸರಕಾರದ ಲೆಕ್ಕದಲ್ಲಿ ಸಿಗುವ ನೀರು 24.01 ಟಿ.ಎಂ.ಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಂದಾಜು ಮಾಡಿದ್ದು ಕೇವಲ 9.55. ಕುಡಿಯುವುದಕ್ಕೆಂದು ಯೋಜನೆಯೇ ಬರೆದಿಟ್ಟದ್ದು ಸುಮಾರು 14. ವಿಜ್ಞಾನಿಗಳ ಲೆಕ್ಕ ಸರಿಯಾದರೆ ಕುಡಿಯುವುದಕ್ಕೇ ಸಾಲದು. ಕೆರೆ ತುಂಬಿಸುವ ಮಾತು ಎಲ್ಲಿಂದ ಬಂತು? ಕಾಲುವೆ ಹಾಸನವನ್ನು, ತುಮಕೂರನ್ನು ದಾಟಿ ಹೋಗಬೇಕು. ಕೋಲಾರ ಇರುವುದು ಕೊನೆಯಲ್ಲಿ. ಮೇಲಿನ ಗದ್ದೆಯವನು ಕಟ್ಟ ಬಿಡದಿದ್ದರೆ ಕೆಳಗಿನ ಗದ್ದೆಯ ಗತಿಯೇನೆಂದು ಕೆದಂಬಾಡಿಯ ಯಾವ ಒಕ್ಕಲನ್ನಾದರೂ ಕೇಳಿರಿ.

"ಕಡಲಿಗೆ ಹೋಗುವ ನೀರು ವ್ಯರ್ಥ" ಎನ್ನುತ್ತಾರೆ. ಹೊಳೆಯ ನೀರು ಕೆಳಗೆ ಒತ್ತುವುದು ನಿಂತರೆ ಉಪ್ಪುನೀರು ಮೇಲಕ್ಕೆ ಬಂದು ದಡದ ಬಾವಿಗಳನ್ನು ಹೊಗುತ್ತದೆ. ಅಳಿವೆಯ ಮೀನಿಗೆ ಮೇವು ತರುವುದೂ ಹೊಳೆಯೇ. ಮಂಗಳೂರು ನಗರ ಕುಡಿಯುವುದು ತುಂಬೆಯಲ್ಲಿ ತಡೆದ ನೇತ್ರಾವತಿಯನ್ನು. 2019ರ ಬೇಸಿಗೆಯಲ್ಲಿ ಅಲ್ಲಿ ಸರದಿಯ ಮೇಲೆ ನೀರು ಬಿಟ್ಟದ್ದನ್ನು ಮರೆತಿರಾ? ಎತ್ತುವುದು ಮಳೆಗಾಲದ ಹೆಚ್ಚುವರಿ ಮಾತ್ರ ಎಂಬ ಉತ್ತರವುಂಟು. ಆ ಮಾತನ್ನೇ ಒಪ್ಪೋಣ. ಆದರೆ ನಮ್ಮ ಬೇಸಿಗೆಯ ಹೊಳೆಯೆಂದರೆ ಘಟ್ಟದ ಕಾಡು ಹಿಡಿದಿಟ್ಟು ಮೆಲ್ಲಗೆ ಬಿಟ್ಟ ಮಳೆಗಾಲದ ನೀರು. ಕಾಡು ಕಡಿದು, ಗುಡ್ಡ ಸೀಳಿ, ಪೈಪು ಹುಗಿದ ಮೇಲೆ ಅದನ್ನು ಹಿಡಿದಿಡುವವರು ಯಾರು? ಗುತ್ತಿಗೆದಾರರೇ?

ನಮ್ಮವರಿಗೂ ಒಂದು ಮಾತು ಹೇಳದೆ ಬಿಡಲಾರೆವು. ಕೋಲಾರದವರನ್ನು ದೂರುವ ನಾವು ನಮ್ಮ ತೋಡುಗಳಿಗೆ ಏನು ಮಾಡಿದ್ದೇವೆ? ವರ್ಷವೂ ಊರವರು ಕೂಡಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದ ಪದ್ಧತಿಯನ್ನು ಎಷ್ಟೋ ಕಡೆ ಕೈಬಿಟ್ಟೆವು. ಗದ್ದೆ ಮುಚ್ಚಿ ಅಡಿಕೆ ಹಾಕಿದೆವು. ಅಡಿಕೆಗೆ ನೀರು ಸಾಲದೆ ಕೊಳವೆ ಬಾವಿ ಕೊರೆಸಿದೆವು. ಹೀಗೆ ನಡೆದರೆ ಕೋಲಾರಕ್ಕೆ ನಾವು ಹೋಗಬೇಕಾಗಿಲ್ಲ. ಕೋಲಾರವೇ ನಮ್ಮ ಅಂಗಳಕ್ಕೆ ಬರುತ್ತದೆ.

ನಾವು ಕೇಳುವುದು ಮೂರೇ. ಪ್ರತಿಯೊಂದು ಒಡ್ಡಿನಲ್ಲಿ ಪ್ರತಿದಿನ ಎಷ್ಟು ನೀರು ಬಂತು, ಎಷ್ಟು ಎತ್ತಿದರು ಎಂಬುದನ್ನು ಎರಡೂ ಕಡೆಯ ಪಂಚಾಯತಿಗಳ ಹಲಗೆಯಲ್ಲಿ ಬರೆದು ಹಾಕಿರಿ. ಆ ಅಳತೆ ಜನರ ಮುಂದೆ ಬರುವ ತನಕ ಇನ್ನೊಂದು ರೂಪಾಯಿಯ ಅಂದಾಜನ್ನೂ ಏರಿಸಬೇಡಿರಿ. ಕೋಲಾರದ ಕೆರೆಗಳ ಹೂಳೆತ್ತಿ, ಒತ್ತುವರಿಯಾದ ರಾಜಕಾಲುವೆಗಳನ್ನು ಬಿಡಿಸಿ, ಅಲ್ಲಿ ಬೀಳುವ ಮಳೆಯನ್ನು ಮೊದಲು ಅಲ್ಲೇ ನಿಲ್ಲಿಸಿರಿ.

ನೀರು ತಗ್ಗಿಗೆ ಹರಿಯುವುದು ನಿಸರ್ಗದ ನಿಯಮ. ಅದನ್ನು ಏರಿಗೆ ಹರಿಸುವುದಾದರೆ ಅದು ಮನುಷ್ಯರ ತೀರ್ಮಾನ. ಮನುಷ್ಯರ ತೀರ್ಮಾನಕ್ಕೆ ಲೆಕ್ಕ ಕೇಳುವ ಹಕ್ಕು ಕೆದಂಬಾಡಿಯ ಅಜ್ಜನಿಗೂ ಉಂಟು, ಕೋಲಾರದ ರೈತನಿಗೂ ಉಂಟು. ಇಬ್ಬರೂ ಒಟ್ಟಿಗೆ ಕೇಳಲಿ.