ಎಂಜಿನ್ ಕೊಳ್ಳುವ ಮುನ್ನ ಇಂಧನದ ವಿಚಾರ

ಕಂಟ್ರೋಲ್ ಲೈನ್ ಮಾದರಿ ವಿಮಾನದ ಕಿಟ್ ಒಂದನ್ನು ಮಗುವಿಗೆ ತರಿಸಿಕೊಟ್ಟಾಗಿದೆ, ಆದರೆ ಪೆಟ್ಟಿಗೆಯಲ್ಲಿ ಎಂಜಿನ್ ಇಲ್ಲ. ಯಾವ ಎಂಜಿನ್ ಕೊಳ್ಳಬೇಕು? ತಾಳವಾಡಿ ಭಾಗದ ಕೆಲವು ಪೋಷಕರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದಾರೆ. ಯಂತ್ರದ ಪ್ರಶ್ನೆಯನ್ನು ವಕೀಲನಲ್ಲಿ ಕೇಳುವುದು ವಿಚಿತ್ರವೆಂದು ತೋರಬಹುದು. ಆದರೆ ತಮಿಳುನಾಡಿನಲ್ಲಿ ವಾಸಿಸುವ ನಮ್ಮ ಮಟ್ಟಿಗೆ ಇದರ ಅರ್ಧ ಉತ್ತರ ಯಂತ್ರಶಾಸ್ತ್ರದಲ್ಲಿದ್ದರೆ, ಇನ್ನರ್ಧ ಕಾನೂನಿನಲ್ಲಿದೆ.

ಮೊದಲು ಈ ವಿಮಾನದ ಸ್ವರೂಪವನ್ನು ತಿಳಿಯೋಣ. ಇದಕ್ಕೆ ರೇಡಿಯೋ ಇಲ್ಲ. ಹಾರಿಸುವವನು ಮೈದಾನದ ನಡುವೆ ನಿಂತು ಕೈಹಿಡಿಯೊಂದನ್ನು ಹಿಡಿದಿರುತ್ತಾನೆ. ಅದರಿಂದ ಹೊರಟ ಎರಡು ತೆಳುವಾದ ಉಕ್ಕಿನ ತಂತಿಗಳು ವಿಮಾನದೊಳಗಿನ ಒಂದು ಸನ್ನೆಗೆ ಸೇರಿ, ಅದರ ಮೂಲಕ ಬಾಲದ ಪಟ್ಟಿಯನ್ನು ಏರಿಳಿಸುತ್ತವೆ. ವಿಮಾನ ವೃತ್ತಾಕಾರವಾಗಿ ಸುತ್ತುತ್ತದೆ. ಹಾರಿಸುವವನೂ ನಿಂತಲ್ಲೇ ಸುತ್ತುತ್ತಾನೆ. ಅಮೆರಿಕದ ಓರೆಗಾನ್‌ನಲ್ಲಿ 1936ರಲ್ಲಿ ಓಬಾ ಸೇಂಟ್ ಕ್ಲೇರ್ ಎಂಬಾತ ನೆಲದಿಂದ ತಂತಿಗಳ ಮೂಲಕ ನಿಯಂತ್ರಿಸಿ ಮಾದರಿ ವಿಮಾನ ಹಾರಿಸಿದನು. ಮುಂದೆ ಜಿಮ್ ವಾಕರ್ ಎಂಬಾತ ತನ್ನ ಸರಳವಾದ ವಿಧಾನಕ್ಕೆ 1942ರಲ್ಲಿ ಪೇಟೆಂಟ್ ಪಡೆದನು. ಅವನಿಗೂ ಕಾಕ್ಸ್ ಕಂಪನಿಗೂ ನಡೆದ ಮೊಕದ್ದಮೆಯಲ್ಲಿ, ಸೇಂಟ್ ಕ್ಲೇರನ ಹಿಂದಿನ ಪ್ರಯೋಗವೇ ಸಾಕ್ಷಿಯಾಗಿ, 1955ರಲ್ಲಿ ಆ ಪೇಟೆಂಟ್ ಬಿದ್ದುಹೋಯಿತು. ಅಂದಿನಿಂದ ಈ ವಿಧಾನ ಎಲ್ಲರ ಸೊತ್ತು. ರೆಕ್ಕೆ, ಬಾಲ, ಸನ್ನೆಗಳನ್ನು ನಮ್ಮೂರಿನ ಮಕ್ಕಳೇ ಮಾಡಿಕೊಳ್ಳಬಲ್ಲರು. ಮನೆಯಲ್ಲಿ ಮಾಡಲಾಗದೆ ಹಣ ಕೊಟ್ಟೇ ತರಬೇಕಾದದ್ದು ಮುಖ್ಯವಾಗಿ ಎಂಜಿನ್. ಆದ್ದರಿಂದಲೇ ಅದರ ಆಯ್ಕೆಯಲ್ಲಿ ಎಚ್ಚರ ಬೇಕು.

ಎಂಜಿನ್‌ನ ಗಾತ್ರವನ್ನು ಘನ ಸೆಂಟಿಮೀಟರ್, ಅಂದರೆ ಸಿ.ಸಿ. ಲೆಕ್ಕದಲ್ಲಿ ಹೇಳುತ್ತಾರೆ. ಹಲವು ಪೆಟ್ಟಿಗೆಗಳ ಮೇಲೆ ಘನ ಅಂಗುಲದ ಲೆಕ್ಕವಿರುತ್ತದೆ. ‘049’ ಎಂದಿದ್ದರೆ ಸುಮಾರು 0.8 ಸಿ.ಸಿ., ‘15’ ಎಂದಿದ್ದರೆ ಸುಮಾರು 2.5 ಸಿ.ಸಿ., ‘35’ ಎಂದಿದ್ದರೆ ಸುಮಾರು 5.7 ಸಿ.ಸಿ. ಎಂದು ತಿಳಿಯಬೇಕು. ಕಿಟ್‌ನ ನಕ್ಷೆಯಲ್ಲಿ ಸೂಕ್ತ ಗಾತ್ರ ಇಷ್ಟರಿಂದ ಇಷ್ಟರವರೆಗೆ ಎಂದು ನಮೂದಾಗಿರುತ್ತದೆ. ಆ ಮಿತಿಯನ್ನು ಮೀರಬಾರದು. ‘ಸ್ವಲ್ಪ ದೊಡ್ಡದೇ ಇರಲಿ, ಮುಂದಕ್ಕೆ ಆಗುತ್ತದೆ’ ಎಂದು ಮಕ್ಕಳ ಅಂಗಿ ಕೊಳ್ಳುವಾಗ ಹೇಳುವ ಮಾತು ಇಲ್ಲಿ ಸಲ್ಲದು.

ಕಾರಣವನ್ನು ಎಂಟನೆಯ ತರಗತಿಯ ಮಕ್ಕಳೂ ಲೆಕ್ಕ ಹಾಕಿ ನೋಡಬಹುದು. ವಿಮಾನದ ತೂಕ 500 ಗ್ರಾಂ, ತಂತಿಯ ಉದ್ದ 16 ಮೀಟರ್, ಒಂದು ಸುತ್ತಿಗೆ 5 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಆಗ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಕೈಯ ಮೇಲೆ ಬೀಳುವ ಎಳೆತ ಸುಮಾರು 1.3 ಕಿಲೋ ತೂಕಕ್ಕೆ ಸಮ. ಎಂಜಿನ್ ದೊಡ್ಡದಾಗಿ ಅದೇ ವಿಮಾನ 3.5 ಸೆಕೆಂಡಿಗೆ ಒಂದು ಸುತ್ತು ಬಂದರೆ ಎಳೆತ ಇಮ್ಮಡಿಯಾಗಿ 2.6 ಕಿಲೋ ದಾಟುತ್ತದೆ. ಮಗುವಿನ ಕೈ ಸೋಲುವುದು ಒಂದೆಡೆ. ಯೋಚಿಸಿ ಕೈ ಆಡಿಸಲು ಸಿಗುವ ಸಮಯವೂ ಕುಗ್ಗುತ್ತದೆ. ಹಾಗೆಂದು ತೀರ ಚಿಕ್ಕ ಎಂಜಿನ್ ಕೂಡ ಕ್ಷೇಮವಲ್ಲ. ವೇಗ ಸಾಲದಿದ್ದರೆ ತಂತಿ ಸಡಿಲಗೊಂಡು ವಿಮಾನ ಹಿಡಿತ ತಪ್ಪುತ್ತದೆ. ಆಷಾಢದ ಗಾಳಿಯಲ್ಲಿ ಅದು ಹಾರಿಸುವವನ ಮೇಲೆಯೇ ಬರಬಹುದು. ಬೆಟ್ಟದ ತೆಳುಗಾಳಿಗೆ ದೊಡ್ಡ ಎಂಜಿನ್ ಬೇಕೆಂಬ ಮಾತನ್ನೂ ಕೆಲವರು ಹೇಳುತ್ತಾರೆ. 1000 ಮೀಟರ್ ಎತ್ತರದಲ್ಲಿಯೂ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ 9ರಷ್ಟು ಮಾತ್ರ ಕಡಿಮೆ. ನಕ್ಷೆ ಹೇಳಿದ ಮಿತಿಯ ನಡುಗಾತ್ರವನ್ನು ಆರಿಸಿದರೆ ಆ ಕೊರತೆ ತುಂಬಿಹೋಗುತ್ತದೆ.

ಗಾತ್ರ ತೀರ್ಮಾನವಾದ ಮೇಲೆ ಬರುವುದು ಬಗೆಯ ಪ್ರಶ್ನೆ. ಬಗೆ ಎಂದರೆ ವಾಸ್ತವವಾಗಿ ಇಂಧನ. ಹೆಚ್ಚಾಗಿ ಮಾರಾಟವಾಗುವುದು ಗ್ಲೋ ಎಂಜಿನ್. ಅದರ ಪ್ಲಗ್‌ನೊಳಗೆ ಪ್ಲಾಟಿನಂ ಬೆರೆತ ಸಣ್ಣ ಸುರುಳಿ ಇರುತ್ತದೆ. ಶುರುವಿಗೆ 1.5 ವೋಲ್ಟ್ ಬ್ಯಾಟರಿಯಿಂದ ಅದನ್ನು ಕಾಯಿಸಿದರೆ ಸಾಕು. ಬಳಿಕ ಮೆಥನಾಲ್ ಆವಿಯ ಸಂಪರ್ಕದಿಂದ ಮತ್ತು ದಹನದ ಶಾಖದಿಂದ ತಾನೇ ಕೆಂಪಗೆ ಉಳಿಯುತ್ತದೆ. ಆದ್ದರಿಂದ ಈ ಎಂಜಿನ್‌ಗೆ ಪೆಟ್ರೋಲ್ ಒಗ್ಗದು. ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣವೇ ಬೇಕು.

ತೊಡಕು ಇರುವುದು ಇಲ್ಲಿಯೇ. ಮೆಥನಾಲ್ ಎಂಬುದು ಕಳ್ಳಬಟ್ಟಿಯಲ್ಲಿ ಬೆರೆತು ಜೀವ ತೆಗೆಯುವ ಅದೇ ದ್ರವ. 2023ರ ಮೇ ತಿಂಗಳಿನಲ್ಲಿ ಮರಕ್ಕಾಣಂ ಹಾಗೂ ಚೆಂಗಲ್ಪಟ್ಟು ಕಡೆ 20ಕ್ಕೂ ಹೆಚ್ಚು ಮಂದಿ, 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಇದರಿಂದ ಸತ್ತರು. ಎರಡು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ನಮ್ಮ ರಾಜ್ಯದಲ್ಲಿ 1937ರ ಮದ್ಯನಿಷೇಧ ಕಾಯ್ದೆಯ ಅಡಿಯಲ್ಲಿ ಮೀಥೈಲ್ ಆಲ್ಕೋಹಾಲನ್ನು ಕುರಿತ 1959ರ ನಿಯಮಗಳಿದ್ದು, ಅದರ ದಾಸ್ತಾನು, ಸಾಗಣೆ, ಮಾರಾಟಗಳು ಪರವಾನಗಿಯ ವ್ಯವಸ್ಥೆಗೆ ಒಳಪಟ್ಟಿವೆ. ಕಳ್ಳಕುರಿಚಿಯ ದುರಂತದ ಬಳಿಕ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆಗಳನ್ನು ಹೆಚ್ಚಿಸಲಾಯಿತು. ಸಂತೆ, ಮದುವೆ, ಆಸ್ಪತ್ರೆಗಳಿಗೆಂದು ಚಾಮರಾಜನಗರಕ್ಕೂ ಮೈಸೂರಿಗೂ ಹೋಗಿಬರುವ ನಾವು ಗಡಿಯನ್ನು ಗಡಿಯೆಂದು ಎಣಿಸುವುದೇ ಇಲ್ಲ. ಆದರೆ ಅಲ್ಲಿಂದ ಎರಡು ಲೀಟರ್ ಎಂಜಿನ್ ಇಂಧನವನ್ನು ಕೈಚೀಲದಲ್ಲಿಟ್ಟು ತಂದವರು ತಪಾಸಣಾ ಠಾಣೆಯಲ್ಲಿ ‘ಇದು ಆಟದ ವಿಮಾನಕ್ಕೆ’ ಎಂದು ವಿವರಿಸಬೇಕಾದ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ಉದ್ದೇಶ ಒಳ್ಳೆಯದಾಗಿದ್ದ ಮಾತ್ರಕ್ಕೆ ಪರವಾನಗಿಯ ಕೊರತೆ ತುಂಬುವುದಿಲ್ಲ. ಅಂಚೆಯಲ್ಲಿ ತರಿಸೋಣವೆಂದರೆ, ಹೊತ್ತಿಕೊಳ್ಳುವ ದ್ರವಗಳನ್ನು ಅಂಚೆ ಇಲಾಖೆ ಸ್ವೀಕರಿಸುವುದಿಲ್ಲ.

ಎರಡನೆಯದು ಡೀಸೆಲ್ ಎಂಜಿನ್. ಹೆಸರು ಡೀಸೆಲ್ ಆದರೂ ಬಂಕಿನ ಡೀಸೆಲ್ ಇದಕ್ಕೆ ಆಗದು. ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳನ್ನು ಹೆಚ್ಚುಕಡಿಮೆ ಸಮಭಾಗದಲ್ಲಿ ಬೆರೆಸಬೇಕು. ಪ್ಲಗ್ ಬೇಡ, ಬ್ಯಾಟರಿ ಬೇಡ. ಮೇಲಿನ ತಿರುಪಿನಿಂದ ಒತ್ತಡವನ್ನು ಹೊಂದಿಸಿದರೆ ಸಾಕು. 1.5 ಸಿ.ಸಿ.ಯ ಒಳ್ಳೆಯ ಡೀಸೆಲ್ ಎಂಜಿನ್ ದಶಕಗಟ್ಟಲೆ ಬಾಳುತ್ತದೆ. ಆದರೆ ಈಥರ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ತಾಪಮಾನದಲ್ಲಿಯೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಿದು ಒಲೆಯವರೆಗೆ ಹೋಗುತ್ತದೆ. ಸೌದೆ ಒಲೆ ಉರಿಯುವ ಮನೆಯಲ್ಲಿ ಅದನ್ನು ಇಡಲಾಗದು.

ಮೂರನೆಯದು ವಿದ್ಯುತ್ ಮೋಟಾರು. ಹಳಬರು ಇದನ್ನು ಎಂಜಿನ್ ಎಂದು ಒಪ್ಪಲಾರರು. ಮೊದಲ ವಿಮಾನಕ್ಕೆ ನಾನು ಸೂಚಿಸುವುದು ಇದನ್ನೇ. ಲೆಕ್ಕ ಸರಳ. ಕಲಿಕೆಯ ವಿಮಾನಕ್ಕೆ ಕಿಲೋ ಒಂದಕ್ಕೆ ಸುಮಾರು 220 ವ್ಯಾಟ್ ಬೇಕು. 500 ಗ್ರಾಂ ವಿಮಾನಕ್ಕೆ 110 ವ್ಯಾಟ್. 11.1 ವೋಲ್ಟ್‌ನ ಬ್ಯಾಟರಿಯಿಂದ ಇದಕ್ಕೆ ಸುಮಾರು 10 ಆಂಪಿಯರ್ ಹರಿಯುತ್ತದೆ. 5 ನಿಮಿಷ ಹಾರಿದರೆ 830 ಮಿಲಿಆಂಪಿಯರ್ ಅವರ್ ಖರ್ಚು. ಲಿಥಿಯಂ ಬ್ಯಾಟರಿಯನ್ನು ಶೇ 80ಕ್ಕಿಂತ ಹೆಚ್ಚು ಬರಿದು ಮಾಡಬಾರದು. ಆದ್ದರಿಂದ 1300ರ ಬ್ಯಾಟರಿ ಸಾಕಾಗುತ್ತದೆ.

ಇದರ ದೊಡ್ಡ ಅನುಕೂಲ ಬೇರೊಂದಿದೆ. ಸಾಮಾನ್ಯ ಕಂಟ್ರೋಲ್ ಲೈನ್ ಎಂಜಿನ್ ಒಮ್ಮೆ ಹೊತ್ತಿತೆಂದರೆ ಟ್ಯಾಂಕ್ ಬರಿದಾಗುವವರೆಗೆ ನಿಲ್ಲುವುದಿಲ್ಲ. 5 ನಿಮಿಷವೆಂದರೆ 60 ಸುತ್ತು. ಹೊಸಬರಿಗೆ ತಲೆ ತಿರುಗಿ ಬೀಳಲು ಅಷ್ಟು ಬೇಕಿಲ್ಲ. ಮೋಟಾರಿಗಾದರೆ ಟೈಮರ್ ಜೋಡಿಸಿ, ಮೊದಲ ವಾರ 1 ನಿಮಿಷ, ಮುಂದಿನ ವಾರ 2 ನಿಮಿಷ ಎಂದು ನಾವೇ ನಿಗದಿ ಮಾಡಬಹುದು. ಸದ್ದೂ ಕಡಿಮೆ, 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿರುವ ನಮಗೆ ಇದು ಸಣ್ಣ ಸಂಗತಿಯಲ್ಲ. ಹಾಗೆಂದು ಲಿಥಿಯಂ ಬ್ಯಾಟರಿ ನಿರಪಾಯಕಾರಿಯೆಂದು ಭಾವಿಸಬಾರದು. ಅದಕ್ಕೆಂದೇ ಇರುವ ಚಾರ್ಜರ್ ಬಳಸಬೇಕು, ಹಿರಿಯರ ಕಣ್ಣೆದುರೇ ಚಾರ್ಜ್ ಮಾಡಬೇಕು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಮುಟ್ಟಬಾರದು.

ಇಂಧನದ ಎಂಜಿನ್ ಕಲಿಯಲೇಬೇಕೆಂಬ ಆಸೆ ತಪ್ಪಲ್ಲ. ಅದಕ್ಕೆ ಸರಿಯಾದ ಸ್ಥಳ ಮನೆಯ ಜಗಲಿಯಲ್ಲ. ತರಬೇತುದಾರರಿರುವ ಕ್ಲಬ್ ಅಥವಾ ಎನ್‌ಸಿಸಿಯ ವಾಯುದಳ. ವಾಯುದಳದ ತರಬೇತಿಯಲ್ಲಿ ಮಾದರಿ ವಿಮಾನ ವಿದ್ಯೆ ಒಂದು ಭಾಗ. ಮನೆಯಲ್ಲಿ ಮೋಟಾರಿನ ವಿಮಾನದಿಂದ ಕೈ ಪಳಗಿಸಿಕೊಂಡು ಹೋದ ಮಗುವಿಗೆ ಅಲ್ಲಿ ಎಂಜಿನ್ ಒಂದೇ ಹೊಸದು.

ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ; ಅದರಲ್ಲಿ ಮಾದರಿಯ ಹೆಸರೂ ಗಾತ್ರವೂ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನಿಂದಲೋ ಕೋಲ್ಕತ್ತದಿಂದಲೋ ತರಿಸಿದ ವಸ್ತು ಕೆಟ್ಟಿದ್ದರೆ ನೀವು ಅಲ್ಲಿಗೆ ಓಡಬೇಕಿಲ್ಲ. ಈರೋಡಿನ ಆಯೋಗವೇ ಸಾಕು. ಬಿಲ್ ಇಲ್ಲದ ಹಳೆಯ ಎಂಜಿನ್‌ಗೆ ಈ ದಾರಿ ಬಹುತೇಕ ಮುಚ್ಚಿದಂತೆಯೇ.

ಇನ್ನು, ಯಾವ ಎಂಜಿನ್ ಆದರೂ ಪಾಲಿಸಲೇಬೇಕಾದ ನಿಯಮವೊಂದಿದೆ. ಕೈಯಲ್ಲಿರುವುದು ಉಕ್ಕಿನ ತಂತಿ. ಅದು ವಿದ್ಯುತ್ ತಂತಿಗೆ ತಗುಲಿದರೆ ಜೀವ ಉಳಿಯದು. ನಮ್ಮ ಹೊಲಗಳ ಮೇಲೆ ಪಂಪ್‌ಸೆಟ್‌ಗಳ ಲೈನ್ ಹಾದುಹೋಗದ ದಿಕ್ಕಿಲ್ಲ. ಹಾರಾಟದ ವೃತ್ತದ ಅಂಚಿನಿಂದ ಕನಿಷ್ಠ 15 ಮೀಟರ್ ಆಚೆಗಿರಲಿ ವಿದ್ಯುತ್ ಲೈನ್. 16 ಮೀಟರ್ ತಂತಿಯ ವಿಮಾನಕ್ಕೆ ಅಡ್ಡಳತೆ 36 ಮೀಟರ್‌ನಷ್ಟು ಬರಿಯ ವೃತ್ತವೇ ಬೇಕು. ನೋಡುವವರು ಅದರ ಹೊರಗೆ ದೂರದಲ್ಲಿರಬೇಕು. ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆಯಿರಿ. ಗುಡುಗು ಕೇಳಿದ ದಿನ ಹಾರಾಟ ಬೇಡ.

ಎಂಜಿನ್‌ನ ಪೆಟ್ಟಿಗೆಯ ಮೇಲಿನ ಎಚ್ಚರಿಕೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಓದಲು ಬಾರದವರಿಗೆ ಅವು ಇದ್ದೂ ಇಲ್ಲದಂತೆ. ಪೆಟ್ಟಿಗೆ ಮನೆಗೆ ಬಂದ ದಿನವೇ ಮಗುವಿನ ಕೈಯಲ್ಲಿ ಅವನ್ನು ಕನ್ನಡದಲ್ಲಿ ಬರೆಸಿ, ಬ್ಯಾಟರಿಯ ಡಬ್ಬಿಯ ಮೇಲೂ ವಿಮಾನ ತೂಗುಹಾಕುವ ಗೋಡೆಯ ಮೇಲೂ ಅಂಟಿಸಿ. ಅಜ್ಜಿಗೂ ತಂಗಿಗೂ ಓದಿ ಹೇಳುವ ಕೆಲಸ ಆ ಮಗುವಿನದೇ ಆಗಲಿ.